ತೊಳೆದ ಕೊಳೆ ಎಲ್ಲಿಗೆ ಹೋಗುತ್ತದೆ?

ಶ್ರವಣಬೆಳಗೊಳಕ್ಕೆ ಬರುವ ದಿಗಂಬರ ಮುನಿಗಳು ಹಲ್ಲುಜ್ಜುವುದಿಲ್ಲ. ಅದೊಂದು ವ್ರತ. ದಿಗಂಬರ ಮುನಿಗೆ ಹೇಳಿರುವ 28 ಮೂಲಗುಣಗಳಲ್ಲಿ ಕೂದಲನ್ನು ಕೈಯಿಂದಲೇ ಕೀಳುವುದು, ಸ್ನಾನ ಬಿಡುವುದು, ನೆಲದ ಮೇಲೆ ಮಲಗುವುದು, ದಿನಕ್ಕೊಮ್ಮೆ ನಿಂತುಕೊಂಡೇ ಉಣ್ಣುವುದು ಇವುಗಳ ಜೊತೆಗೆ 'ಅದಂತಧಾವನ'ವೂ ಸೇರಿದೆ. ದೇಹವೇ ತನ್ನದಲ್ಲ ಎಂದುಕೊಂಡವನು ಅದರ ಹಲ್ಲಿಗೆ ಹೊಳಪು ಕೊಡುತ್ತ ಕೂರುವುದೇಕೆ ಎಂಬುದು ಅಲ್ಲಿನ ವಿಚಾರ.

ಬುದ್ಧನ ದಾರಿ ಬೇರೆ. ವಿನಯಪಿಟಕದಲ್ಲಿ ಭಿಕ್ಷುಗಳಿಗೆ ಹಲ್ಲುಕಡ್ಡಿ ಜಗಿಯಲು ಅನುಮತಿಯಿದೆ. ಜಗಿಯದಿದ್ದರೆ ಬಾಯಿ ನಾರುತ್ತದೆ, ನಾಲಿಗೆಗೆ ರುಚಿ ಹತ್ತುವುದಿಲ್ಲ, ಊಟ ಹಿಡಿಸುವುದಿಲ್ಲ ಎಂದು ಕೆಡುಕುಗಳನ್ನು ಎಣಿಸಿ ಹೇಳಲಾಗಿದೆ. ಧರ್ಮಶಾಸ್ತ್ರಗಳು ಇನ್ನೂ ಮುಂದೆ ಹೋಗಿ ಯಾವ ಮರದ ಕಡ್ಡಿ, ಎಷ್ಟು ಉದ್ದ, ಯಾವ ತಿಥಿಯಲ್ಲಿ ಕೂಡದು ಎಂಬುದನ್ನೆಲ್ಲ ಗೊತ್ತು ಮಾಡಿವೆ. ನಿಷೇಧದ ದಿನ ಕಡ್ಡಿಯ ಬದಲು ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕು. ಕಡ್ಡಿ ಕೊಡುವ ಮರಕ್ಕೆ ಆಯುಸ್ಸು, ಬಲ, ಯಶಸ್ಸು ಕೊಡೆಂದು ಬೇಡುವ ಮಂತ್ರವೂ ಉಂಟು. ಇಸ್ಲಾಮಿನಲ್ಲಿ ಮಿಸ್ವಾಕ್ ಎಂಬ ಹಲ್ಲುಕಡ್ಡಿ ಪ್ರವಾದಿಯವರ ಸುನ್ನತ್, ಅಂದರೆ ಅನುಸರಿಸಬೇಕಾದ ನಡೆ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಅದೇ ಕಡ್ಡಿಯ ಬಳಕೆಗೆ ಪ್ರೋತ್ಸಾಹದ ಮಾತಾಡಿತು.

ಇವೆಲ್ಲದರ ನಡುವೆ ಒಂದು ಸಣ್ಣ ವಿವರ ಬೇರೆಯಾಗಿ ಕಾಣುತ್ತದೆ. 7ನೇ ಶತಮಾನದಲ್ಲಿ ಭಾರತಕ್ಕೆ ಬಂದು ನಳಂದದಲ್ಲಿ ವರ್ಷಗಟ್ಟಲೆ ಓದಿದ ಚೀನೀ ಭಿಕ್ಷು ಇತ್ಸಿಂಗ್ ಇಲ್ಲಿನ ವಿಹಾರಗಳ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬಳಸಿದ ಹಲ್ಲುಕಡ್ಡಿಯನ್ನು ಎಸೆಯುವ ಮುನ್ನ, ಬಾಯಿಯ ನೀರನ್ನು ಉಗುಳುವ ಮುನ್ನ, ಭಿಕ್ಷು ಚಿಟಿಕೆ ಹೊಡೆಯಬೇಕು ಅಥವಾ ಕೆಮ್ಮಬೇಕು. ಹಾಗೆ ಮಾಡದೆ ಎಸೆದರೆ ದೋಷ. ಕಡ್ಡಿ ಹೋಗಿ ಬೀಳುವ ಜಾಗದಲ್ಲಿ ಇನ್ಯಾರೋ, ಇನ್ನೇನೋ ಇರಬಹುದು ಎಂಬ ಎಚ್ಚರ ಅದು.

ಮಿಕ್ಕಂತೆ ಈ ವಿಧಿಗಳ ಕಣ್ಣೆಲ್ಲ ತೊಳೆದುಕೊಳ್ಳುವವನ ಮೇಲೇ ಇದೆ. ಅವನು ಮಡಿಯಾದನೆ, ಪೂಜೆಗೆ ಅಥವಾ ನಮಾಜಿಗೆ ಅರ್ಹನಾದನೆ ಎಂಬುದು ಪ್ರಶ್ನೆ. ತೊಳೆದ ಕೊಳೆ ಎಲ್ಲಿಗೆ ಹೋಯಿತು, ಅದನ್ನು ಹೊತ್ತವರು ಯಾರು ಎಂಬ ಪ್ರಶ್ನೆ ಹಿಂದೆ ಬಿತ್ತು. ಭಾರತದಲ್ಲಿ ಅದರ ಉತ್ತರ ಎಲ್ಲರಿಗೂ ಗೊತ್ತಿತ್ತು: ಹೊರುವುದಕ್ಕೆಂದೇ ಜಾತಿಗಳಿದ್ದವು. ಹಾಗಾಗಿ ಕೇಳುವ ಅಗತ್ಯವೇ ಬೀಳಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಂತವಿಜ್ಞಾನಿಗಳು ಈ ಪ್ರಶ್ನೆಯನ್ನು ಎದುರಿಸಲೇಬೇಕಾಯಿತು. ಅವರನ್ನು ಅಲ್ಲಿಗೆ ತಂದದ್ದು ಪಾದರಸ.

ಪಾದರಸಕ್ಕೆ ಕನ್ನಡ ನಾಡಿನ ತತ್ವಚಿಂತನೆಯಲ್ಲಿ ಹಳೆಯ ಪೀಠವೇ ಇದೆ. ವಿಜಯನಗರ ಕಾಲದ ಮಾಧವಾಚಾರ್ಯರು 14ನೇ ಶತಮಾನದಲ್ಲಿ ಬರೆದ 'ಸರ್ವದರ್ಶನ ಸಂಗ್ರಹ'ದಲ್ಲಿ ಚಾರ್ವಾಕ, ಬೌದ್ಧ, ಜೈನ ದರ್ಶನಗಳ ಸಾಲಿನಲ್ಲೇ ರಸೇಶ್ವರ ದರ್ಶನಕ್ಕೂ ಒಂದು ಅಧ್ಯಾಯವಿದೆ. ಶೃಂಗೇರಿಯ ವಿದ್ಯಾರಣ್ಯರೇ ಈ ಮಾಧವರು ಎನ್ನುತ್ತದೆ ಸಂಪ್ರದಾಯ. ರಸೇಶ್ವರವಾದಿಗಳ ಮಾತು ಸೊಗಸಾಗಿದೆ: ಸತ್ತ ಮೇಲೆ ಸಿಗುವ ಮುಕ್ತಿಯನ್ನು ಕಂಡವರು ಯಾರು? ಮುಕ್ತಿ ಬದುಕಿರುವಾಗಲೇ ಆಗಬೇಕಾದರೆ ದೇಹ ಅಳಿಯದಂತೆ ಗಟ್ಟಿಯಾಗಬೇಕು, ಅದನ್ನು ಗಟ್ಟಿ ಮಾಡಬಲ್ಲದ್ದು ಶಿವನ ಅಂಶವಾದ ಪಾದರಸ ಒಂದೇ. ಅವರ ಪಾದರಸ ಯಾರನ್ನಾದರೂ ಅಮರರನ್ನಾಗಿ ಮಾಡಿತೋ ಇಲ್ಲವೋ, ಪಾದರಸ ಮಾತ್ರ ಅಮರ. ಅದು ಧಾತು. ಕೊಳೆಯುವುದಿಲ್ಲ, ಸುಟ್ಟರೆ ಬೂದಿಯಾಗುವುದಿಲ್ಲ, ರೂಪ ಬದಲಿಸಿಕೊಂಡು ತಿರುಗುತ್ತಲೇ ಇರುತ್ತದೆ.

ಬೆಳ್ಳಿಯನ್ನು ಪಾದರಸದಲ್ಲಿ ಕಲಸಿ ಹಲ್ಲಿನ ಕುಳಿಗೆ ತುಂಬುವ ವಿದ್ಯೆ ಚೀನಾದ ತಾಂಗ್ ಕಾಲದ ಔಷಧ ಗ್ರಂಥದಲ್ಲೇ ಕಾಣಿಸುತ್ತದೆ. ಯುರೋಪಿನಲ್ಲಿ 1826ರಲ್ಲಿ ಪ್ಯಾರಿಸ್ಸಿನ ಒಗ್ಯೂಸ್ಟ್ ತಾವೋ ಬೆಳ್ಳಿ ನಾಣ್ಯದ ಪುಡಿ ಮತ್ತು ಪಾದರಸ ಸೇರಿಸಿ ಅದನ್ನು ಮಾಡಿದ. 1833ರಲ್ಲಿ ಕ್ರಾಕೂರ್ ಸೋದರರು ಅಮೆರಿಕಕ್ಕೆ ಒಯ್ದರು. ಅಲ್ಲಿನ ದಂತವೈದ್ಯರ ಸಂಘ ಕೆಂಡವಾಯಿತು. ಅಮಾಲ್ಗಮ್ ಎಂಬ ಈ ಮಿಶ್ರಣವನ್ನು ಬಳಸುವುದಿಲ್ಲವೆಂದು ಸದಸ್ಯರು ಸಹಿ ಹಾಕಬೇಕು ಎಂದಿತು. ಆಣೆ ಹಾಕಿಸಿದ ಸಂಘವೇ 1856ರಲ್ಲಿ ಮುಚ್ಚಿಹೋಯಿತು, ಅಮಾಲ್ಗಮ್ ಉಳಿಯಿತು. 1895ರಲ್ಲಿ ಷಿಕಾಗೋದ ಜಿ.ವಿ. ಬ್ಲ್ಯಾಕ್ ಅದರ ಲೋಹಗಳ ಪ್ರಮಾಣವನ್ನು ಸರಿಪಡಿಸಿದ ಮೇಲೆ ಅದು ಜಗತ್ತಿನ ತುಂಬ ಹರಡಿತು.

ನಮ್ಮಲ್ಲಿ ಜನ 'ಸಿಮೆಂಟ್ ಹಾಕಿಸುವುದು', 'ಬೆಳ್ಳಿ ತುಂಬಿಸುವುದು' ಎನ್ನುವ ಆ ಬೂದುಬಣ್ಣದ ಫಿಲ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಪಾದರಸವೇ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಅಗ್ಗ, ಬಾಯಿ ಒದ್ದೆಯಿದ್ದರೂ ಕೂರುತ್ತದೆ, ಹಾಕುವವರ ಕೈ ಅಷ್ಟೇನೂ ಪಳಗಿರದಿದ್ದರೂ ವರ್ಷಗಟ್ಟಲೆ ಬಾಳುತ್ತದೆ. ಹುಳುಕು ಹಲ್ಲನ್ನು ಕೀಳಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲದ ಕೋಟ್ಯಂತರ ಬಡವರ ಹಲ್ಲುಗಳನ್ನು ಉಳಿಸಿದ್ದು ಇದೇ. ಬಾಯಲ್ಲಿರುವವರಿಗೆ ಅಪಾಯವೇ ಎಂಬ ವಾದ ನೂರೈವತ್ತು ವರ್ಷ ನಡೆಯಿತು. ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ ಎರಡು ದೊಡ್ಡ ಅಧ್ಯಯನಗಳು, ಒಂದು ಅಮೆರಿಕದ್ದು, ಇನ್ನೊಂದು ಪೋರ್ಚುಗಲ್‌ನದು, 2006ರಲ್ಲಿ ಪ್ರಕಟವಾದವು. ಅಮಾಲ್ಗಮ್ ಹಾಕಿಸಿಕೊಂಡ ಮಕ್ಕಳ ಬುದ್ಧಿಶಕ್ತಿಯಲ್ಲಾಗಲಿ ನರಗಳಲ್ಲಾಗಲಿ ಗುರುತಿಸುವಂಥ ವ್ಯತ್ಯಾಸ ಸಿಗಲಿಲ್ಲ. ಹೊತ್ತವನಿಗೆ ಅದು ಬಹುಮಟ್ಟಿಗೆ ಸಾಧು.

ಹಾಗಾದರೆ ಕೇಡು ಯಾರಿಗೆ?

ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಚಿತಾಗಾರದ ಕುಲುಮೆಯ ಶಾಖ 800 ಡಿಗ್ರಿ ದಾಟುತ್ತದೆ. ಅಸ್ಥಿ ಆರಿಸಲು ಹೋದ ಮಕ್ಕಳ ಕೈಗೆ ಹಲ್ಲಿನ ಚೂರು ಸಿಗಬಹುದು, ಅದರೊಳಗಿದ್ದ ಪಾದರಸ ಸಿಗದು. ಪಶ್ಚಿಮವಾಹಿನಿಯಲ್ಲಿ ಬೂದಿ ಬಿಡುವ ಹೊತ್ತಿಗೆ ಅದು ಎಂದೋ ಆಕಾಶ ಸೇರಿರುತ್ತದೆ. ಆವಿಯಾಗಿ ತಿಂಗಳುಗಟ್ಟಲೆ ಗಾಳಿಯಲ್ಲಿದ್ದು, ಮಳೆಯೊಂದಿಗೆ ಇಳಿದು, ಕೆರೆ-ಕಡಲಿನ ತಳದ ಕೆಸರು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಪುಟ್ಟ ಜೀವಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಅದು ದಟ್ಟವಾಗುತ್ತದೆ. ಬಸುರಿ ಆ ಮೀನನ್ನು ತಿಂದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನವರೆಗೂ ಹೋಗಬಲ್ಲದು. ಎಲ್ಲಿಯ ಬಾಯಿ, ಎಲ್ಲಿಯ ಬಸಿರು!

ಹೂಳುವವರ ಲೆಕ್ಕ ಬೇರೆ. ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಮಣ್ಣಿಗೆ ಕೊಡುವ ದೇಹದಲ್ಲಿ ಫಿಲ್ಲಿಂಗ್ ಇದ್ದರೆ ಅದು ಹಲ್ಲಿನೊಳಗೇ, ನೆಲದೊಳಗೇ ಉಳಿಯುತ್ತದೆ. ಎಲ್ಲವನ್ನೂ ಶುದ್ಧಿ ಮಾಡುವವನು ಅಗ್ನಿ ಎಂಬ ನಂಬಿಕೆಗೆ ಪಾದರಸ ಒಂದು ಅಪವಾದ.

ಬ್ರಿಟನ್ ಈ ವಿಷಯಕ್ಕೆ ತೀರಾ ವ್ಯಾವಹಾರಿಕವಾದ ದಾರಿ ಹುಡುಕಿತು. 2012ರ ಕೊನೆಯ ಹೊತ್ತಿಗೆ ಅರ್ಧದಷ್ಟು ದಹನಗಳಾದರೂ ಪಾದರಸ ಹಿಡಿಯುವ ಶೋಧಕಗಳಿರುವ ಕುಲುಮೆಗಳಲ್ಲಿ ನಡೆಯಬೇಕೆಂದು 2005ರಲ್ಲಿ ಗೊತ್ತುಪಡಿಸಿತು. ಶೋಧಕ ಹಾಕಿಸಲಾಗದ ಚಿತಾಗಾರಗಳು ಹಾಕಿಸಿದವರ ಖರ್ಚಿನಲ್ಲಿ ಪಾಲು ಕೊಡಲು 'ಕ್ಯಾಮಿಯೊ' ಎಂಬ ವ್ಯವಸ್ಥೆ ಬಂತು. ಸತ್ತವನ ಹಲ್ಲಿನ ಪಾದರಸದ ಸಾಲವನ್ನು ಯಾವುದೋ ಊರಿನ ಇನ್ನೊಂದು ಕುಲುಮೆ ತೀರಿಸುತ್ತದೆ. ಋಣ ವರ್ಗಾವಣೆಗೆ ಇಷ್ಟು ಚೊಕ್ಕ ಏರ್ಪಾಟು ಗರುಡ ಪುರಾಣಕ್ಕೂ ಹೊಳೆದಿರಲಿಲ್ಲ.

ಚಿತೆ ಕೊನೆಯ ಹಂತ. ಅದಕ್ಕೂ ಮೊದಲೇ ದಂತವೈದ್ಯರ ಕುರ್ಚಿಯ ಪಕ್ಕದ ಬೇಸಿನ್ನಿಗೆ ಉಗುಳಿದ ಚೂರುಗಳು ಚರಂಡಿ ಸೇರುತ್ತಿದ್ದವು. ಅವುಗಳನ್ನು ಹಿಡಿದಿಡುವ ಸಾಧನ ಯುರೋಪಿಯನ್ ಒಕ್ಕೂಟದಲ್ಲಿ 2019ರಿಂದ ಕಡ್ಡಾಯ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2017ರಲ್ಲಿ ಅಂಥದೇ ನಿಯಮ ತಂದಾಗ, ಅದರಿಂದ ವರ್ಷಕ್ಕೆ 5.1 ಟನ್ ಪಾದರಸ ಚರಂಡಿಗೆ ಹೋಗುವುದು ತಪ್ಪುತ್ತದೆ ಎಂದು ಅಂದಾಜು ಮಾಡಿತು. ಚಿಟಿಕೆ ಹೊಡೆಯದೆ ಉಗುಳಿದ್ದರ ಮೊತ್ತ ಅದು.

ಕರ್ಮಸಿದ್ಧಾಂತದ ಲೆಕ್ಕ ಇಲ್ಲಿ ಸಿಕ್ಕಿಬೀಳುತ್ತದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತದೆ ಗಾದೆ. ಕರ್ಮದ ಫಲ ಕರ್ತೃವನ್ನೇ ಹುಡುಕಿಕೊಂಡು ಬರುತ್ತದೆ ಎಂಬ ಭರವಸೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಹಲ್ಲುನೋವು ತಾಳಲಾರದೆ ಫಿಲ್ಲಿಂಗ್ ಹಾಕಿಸಿಕೊಂಡ ಹೆಂಗಸು ಯಾವ ಕೆಟ್ಟ ಕರ್ಮ ಮಾಡಿದಳು? ಹಾಕಿದ ವೈದ್ಯನಾದರೂ ಮಾಡಿದನೆ? ಆದರೂ ಫಲ ಮಾತ್ರ ಅವರಿಬ್ಬರನ್ನೂ ಬಿಟ್ಟು, ಹೆಸರೇ ಗೊತ್ತಿಲ್ಲದ ಕಡಲತೀರದಲ್ಲಿ ಇನ್ನೂ ಹುಟ್ಟದವರ ಪಾಲಿಗೆ ಹೋಗುತ್ತದೆ. ಮಾಡಿದವರೊಬ್ಬರು, ಉಣ್ಣುವವರೊಬ್ಬರು. ತೈತ್ತಿರೀಯ ಸಂಹಿತೆ ಹೇಳುವ ಮೂರು ಋಣಗಳು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಲ್ಲಬೇಕಾದವು. ಮಕ್ಕಳನ್ನು ಹೆತ್ತರೆ ಪಿತೃಋಣ ತೀರಿತು. ಆ ಮಕ್ಕಳಿಗೆ ಎಂಥ ನೀರು, ಎಂಥ ಮೀನು ಬಿಟ್ಟುಹೋಗಬೇಕು ಎಂಬುದು ಆ ಪಟ್ಟಿಯಲ್ಲಿಲ್ಲ. ಪಾಶ್ಚಾತ್ಯ ನೀತಿಶಾಸ್ತ್ರವೂ ಈ ವಿಷಯದಲ್ಲಿ ಬಹುಕಾಲ ಕುರುಡಾಗಿಯೇ ಇತ್ತು. ಎದುರಿಗಿರುವ ಮನುಷ್ಯನ ಬಗ್ಗೆ ಮಾತ್ರ ಯೋಚಿಸುವ ನೀತಿ ಯಂತ್ರಯುಗಕ್ಕೆ ಸಾಲದು ಎಂದು ಜರ್ಮನ್ ತತ್ವಜ್ಞಾನಿ ಹಾನ್ಸ್ ಯೋನಾಸ್ ಪುಸ್ತಕ ಬರೆದದ್ದು 1979ರಲ್ಲಿ.

ಇಲ್ಲಿ ನೆರವಿಗೆ ಬರುವವರು ಹಲ್ಲುಜ್ಜದ ಮುನಿಗಳ ಪರಂಪರೆಯವರೇ. ಕರ್ಮವೆಂದರೆ ಸಂಕಲ್ಪ ಎಂದು ಬೌದ್ಧರು ಒತ್ತಿಹೇಳಿದರು. ಸಂಕಲ್ಪವಿಲ್ಲದಿದ್ದರೆ ಭಾರ ಹಗುರ. ಜೈನರ ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ವಾದರೋ ಹಿಂಸೆಯನ್ನು ಪ್ರಮಾದಕ್ಕೆ ಕಟ್ಟಿಹಾಕುತ್ತದೆ. ಕೊಲ್ಲಬೇಕೆಂಬ ಇಚ್ಛೆ ಇರಬೇಕಾಗಿಲ್ಲ, ಎಚ್ಚರಗೇಡಿತನದಿಂದ ಪ್ರಾಣಕ್ಕೆ ಕೇಡಾದರೂ ಅದು ಹಿಂಸೆಯೇ. ಈ ವ್ಯಾಖ್ಯಾನವನ್ನು ಪಾದರಸಕ್ಕೆ ಹಚ್ಚಿದರೆ ಒಂದು ಸ್ಪಷ್ಟತೆ ಸಿಗುತ್ತದೆ. ತಾವೋಗೆ ದೋಷವಿಲ್ಲ, ಬ್ಲ್ಯಾಕ್‌ಗೂ ಇಲ್ಲ, ಅವರಿಗೆ ಗೊತ್ತಿರಲಿಲ್ಲ. ಜಪಾನಿನ ಮಿನಮಾಟ ಕೊಲ್ಲಿಯ ಮೀನು ತಿಂದವರು ಕೈಕಾಲು ಸೆಟೆದು ಬೀಳತೊಡಗಿ, 1956ರಲ್ಲಿ ಆ ಕಾಯಿಲೆ ಅಧಿಕೃತವಾಗಿ ದಾಖಲಾಗಿ, ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಮಿಥೈಲ್ ಪಾದರಸವೇ ಕಾರಣವೆಂದು ಸರ್ಕಾರ 1968ರಲ್ಲಿ ಒಪ್ಪಿಕೊಂಡ ಮೇಲೆ, ಅರಿಯದೆ ಆಯಿತು ಎನ್ನುವ ಅವಕಾಶ ಕಿರಿದಾಗುತ್ತ ಬಂತು. ಸಂಶೋಧನೆಯ ಕೊಡುಗೆಯೆಂದರೆ ಹೊಸ ಮುಲಾಮು, ಹೊಸ ಯಂತ್ರ ಎಂದುಕೊಳ್ಳುವುದು ರೂಢಿ. ಅದರ ಇನ್ನೊಂದು ಕೊಡುಗೆ ಅಷ್ಟು ಹಿತವಾದದ್ದಲ್ಲ. ಅಜ್ಞಾನದ ಖಾತೆಯಲ್ಲಿದ್ದ ಕೆಲಸಗಳನ್ನು ಅದು ಒಂದೊಂದಾಗಿ ಪ್ರಮಾದದ ಖಾತೆಗೆ ಬರೆಯುತ್ತ ಹೋಗುತ್ತದೆ.

ಮಿನಮಾಟ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರ ಅಕ್ಟೋಬರಿನಲ್ಲಿ ಕುಮಾಮೊಟೊದಲ್ಲಿ ಅಂಗೀಕಾರ ಸಿಕ್ಕಿತು. 2017ರ ಆಗಸ್ಟ್‌ನಲ್ಲಿ ಅದು ಜಾರಿಗೆ ಬಂತು. ಭಾರತ 2018ರಲ್ಲಿ ಸ್ಥಿರೀಕರಿಸಿತು. ಪಾದರಸದ ಬ್ಯಾಟರಿ, ಥರ್ಮಾಮೀಟರ್‌ಗಳಿಗೆ ಗಡುವು ಹಾಕಿದ ಒಪ್ಪಂದ ಹಲ್ಲಿನ ಅಮಾಲ್ಗಮ್ ವಿಷಯದಲ್ಲಿ ಮಾತ್ರ ಮೆತ್ತಗಾಯಿತು: ನಿಲ್ಲಿಸಿ ಎನ್ನಲಿಲ್ಲ, ಕಡಿಮೆ ಮಾಡುತ್ತ ಬನ್ನಿ ಎಂದಿತು. ದಂತವೈದ್ಯರ ಹಾಗೂ ದಂತ ಸಂಶೋಧಕರ ಜಾಗತಿಕ ಸಂಘಟನೆಗಳು ಹಾಗೆಯೇ ಆಗಬೇಕೆಂದು ವಾದಿಸಿದ್ದವು. ಬಡ ದೇಶಗಳಲ್ಲಿ ಅಮಾಲ್ಗಮ್ ಹೋದರೆ ಬರುವುದು ದುಬಾರಿ ಫಿಲ್ಲಿಂಗ್ ಅಲ್ಲ, ಹಲ್ಲು ಕೀಳುವ ಇಕ್ಕಳ ಎಂಬುದು ಅವರ ಆತಂಕ. ವಾದದಲ್ಲಿ ತೂಕವಿತ್ತು. ನಾಳೆಯ ಮಗುವಿಗಾಗಿ ಇವತ್ತಿನ ಬಡವ ಹಲ್ಲು ಕಳೆದುಕೊಳ್ಳಬೇಕೆ? ಮುಂದಿನವರ ಅಗತ್ಯಕ್ಕೆ ಧಕ್ಕೆ ತರದೆ ಇಂದಿನವರ ಅಗತ್ಯ ಪೂರೈಸುವುದು ಸುಸ್ಥಿರ ಅಭಿವೃದ್ಧಿ ಎಂದು 1987ರ ಬ್ರಂಟ್‌ಲಾಂಡ್ ವರದಿ ಹೇಳಿತ್ತು. ಇವೆರಡೂ ಎದುರುಬದುರಾಗಿ ನಿಂತಾಗ ಯಾವುದನ್ನು ಬಿಡಬೇಕು ಎಂಬುದೇ ಕಷ್ಟ.

ಮುಂದೆ ಆದದ್ದು ಕುತೂಹಲದ ಸಂಗತಿ. ಅಮಾಲ್ಗಮ್ ಪೂರ್ತಿ ನಿಲ್ಲಲಿ ಎಂದು ಸಭೆಯಿಂದ ಸಭೆಗೆ ಒತ್ತಾಯ ತಂದವು ಆಫ್ರಿಕದ ದೇಶಗಳು! ಯಾರ ಬಡತನವನ್ನು ಮುಂದಿಟ್ಟು ಅದನ್ನು ಉಳಿಸಿಕೊಳ್ಳಲು ವಾದ ನಡೆದಿತ್ತೋ ಆ ಬಡವರ ಪ್ರತಿನಿಧಿಗಳೇ ನಮಗದು ಬೇಡ ಎಂದರು. ನಾರ್ವೆ 2008ರಲ್ಲಿ, ಸ್ವೀಡನ್ 2009ರಲ್ಲಿ ಅದಕ್ಕೆ ತಮ್ಮ ಬಾಗಿಲು ಮುಚ್ಚಿದ್ದವು. ತಾವು ಬಿಟ್ಟ ವಸ್ತುವನ್ನು ಇತರರಿಗೆ ಸಾಕು ಎನ್ನುವ ಶ್ರೀಮಂತ ದೇಶಗಳ ಕರುಣೆಯಲ್ಲಿ ಏನೋ ಐಬಿದೆ ಎಂದು ಆಫ್ರಿಕದವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 2022ರಲ್ಲಿ ಒಪ್ಪಂದ ಬಿಗಿಯಾಯಿತು: ಹಾಲುಹಲ್ಲುಗಳಿಗೆ, 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ವೈದ್ಯರು ಅತ್ಯಗತ್ಯವೆಂದರೆ ಹೊರತು ಅಮಾಲ್ಗಮ್ ಕೂಡದು. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು 2034ರ ಹೊತ್ತಿಗೆ ಅದರ ಬಳಕೆಯನ್ನೇ ಕೊನೆಗಾಣಿಸಲು ಒಪ್ಪಿದವು.

ಒಪ್ಪಲು ಸಾಧ್ಯವಾದದ್ದು ಸಂಶೋಧನೆ ಬೇರೆ ಬಾಗಿಲುಗಳನ್ನು ತೆರೆದಿದ್ದರಿಂದ. ಲಂಡನ್ನಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಕಂಡುಹಿಡಿದ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು 1972ರಲ್ಲಿ ಪ್ರಕಟವಾಯಿತು. ಹಲ್ಲಿಗೆ ತಾನಾಗಿ ಅಂಟಿಕೊಳ್ಳುವುದು ಅದರ ಗುಣ. 1980ರ ದಶಕದ ನಡುವೆ ಟಾಂಜಾನಿಯದಲ್ಲಿದ್ದ ಡಚ್ ದಂತವೈದ್ಯ ಯೋ ಫ್ರೆಂಕನ್ ಕರೆಂಟಿಲ್ಲದ ಹಳ್ಳಿಗಳಲ್ಲಿ ಏನು ಮಾಡಬಹುದೆಂದು ಯೋಚಿಸಿದರು. ಕೊರೆಯುವ ಯಂತ್ರವಿಲ್ಲ, ಸೂಜಿಯಿಲ್ಲ. ಕೈ ಉಪಕರಣದಿಂದ ಮೆತ್ತಗಾದ ಹುಳುಕನ್ನಷ್ಟೆ ಕೆರೆದು ತೆಗೆದು ಅಂಟುವ ಸಿಮೆಂಟು ತುಂಬುವುದು. ಎಆರ್‌ಟಿ ಎಂದು ಹೆಸರಾದ ಈ ವಿಧಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಮನ್ನಣೆ ಕೊಟ್ಟಿತು. ಜಪಾನಿನಲ್ಲಿ ರೂಪುಗೊಂಡ ಸಿಲ್ವರ್ ಡಯಾಮಿನ್ ಫ್ಲೋರೈಡ್ ಎಂಬ ದ್ರವ ಇನ್ನೂ ಸರಳ. ಹುಳುಕಿಗೆ ಅದನ್ನು ಸವರಿದರೆ ಹುಳುಕು ಅಲ್ಲಿಗೇ ನಿಲ್ಲುತ್ತದೆ; ಹಲ್ಲಿನ ಆ ಭಾಗ ಮಾತ್ರ ಕಪ್ಪಾಗುತ್ತದೆ. ಮಗುವಿನ ನಗೆಯಲ್ಲಿ ಕಪ್ಪು ಕಂಡರೆ ತಾಯ್ತಂದೆಯರು ಹಿಂಜರಿಯುವುದು ಸಹಜ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳ ಮೇಲೆ ನಡೆಸಿದ ಅಧ್ಯಯನಗಳು ಇದರ ಗುಣವನ್ನು ಖಚಿತಪಡಿಸಿದವು. 2021ರಲ್ಲಿ ಈ ಎರಡೂ ವಸ್ತುಗಳು, ಜೊತೆಗೆ ಫ್ಲೋರೈಡ್ ಟೂತ್‌ಪೇಸ್ಟು, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿದವು. ಒಂದು ಕಾಲದ ದಂತವೈದ್ಯ ಹುಳುಕಿನ ಸುತ್ತಲಿನ ಒಳ್ಳೆಯ ಹಲ್ಲನ್ನೂ ಧಾರಾಳವಾಗಿ ಕೊರೆಯುತ್ತಿದ್ದ. ಇಂದಿನ ಶಾಸ್ತ್ರ ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು ಎನ್ನುತ್ತದೆ. ಅಪರಿಗ್ರಹ ಇಕ್ಕಳ ಹಿಡಿದವರ ಕೈಗೂ ಬಂದಂತಾಯಿತು.

ಹಾಗೆಂದು ಬದಲಿ ವಸ್ತುಗಳೆಲ್ಲ ಪರಮಪವಿತ್ರ ಎಂದುಕೊಳ್ಳಬಾರದು. ಹಲ್ಲಿನದೇ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ರಾಳದಿಂದ ಬಂದದ್ದು. ಅದು ಬಿಸ್ಫಿನಾಲ್-ಎ ವಂಶದ ಪ್ಲಾಸ್ಟಿಕ್. ಕೊರೆದಾಗ ಹಾರುವ ಅದರ ಪುಡಿಯೂ ಅದೇ ಚರಂಡಿಗೇ ಹೋಗುತ್ತದೆ. ಟೂತ್‌ಬ್ರಶ್ ವಿಷಯವೂ ಹೀಗೇ. ಲಂಡನ್ ಮತ್ತು ಡಬ್ಲಿನ್‌ನ ಸಂಶೋಧಕರು 2020ರಲ್ಲಿ ನಾಲ್ಕು ಬಗೆಯ ಬ್ರಶ್ಶುಗಳ ಐದು ವರ್ಷದ ಪರಿಸರ ಲೆಕ್ಕ ಹಾಕಿದರು. ಎಲೆಕ್ಟ್ರಿಕ್ ಬ್ರಶ್ ಎಲ್ಲಕ್ಕಿಂತ ಹಿಂದೆ ಬಿತ್ತು. ಹವಾಮಾನದ ಮೇಲೆ ಅದರ ಭಾರ ಬಿದಿರಿನ ಬ್ರಶ್ಶಿನ 11 ಪಟ್ಟು. ಬಿದಿರಿನದನ್ನು ಕೊಂಡು ಬೀಗುವವರಿಗೂ ಅಲ್ಲಿ ಪೂರ್ತಿ ಸಮಾಧಾನವಿಲ್ಲ: ಬಿದಿರು ಬೆಳೆಯುವ ನೆಲದ ಲೆಕ್ಕವೂ ಇದೆಯಲ್ಲ. ತಲೆಯನ್ನಷ್ಟೇ ಬದಲಿಸಬಹುದಾದ ಪ್ಲಾಸ್ಟಿಕ್ ಬ್ರಶ್ ಬಿದಿರಿಗೆ ಸರಿಸಮನಾಗಿ ನಿಂತಿತು. ಇಂಗ್ಲೆಂಡಿನ ಸರ್ಕಾರಿ ದಂತಸೇವೆಯ ಇಂಗಾಲದ ಲೆಕ್ಕ ನೋಡಿದವರಿಗೆ ಕಂಡದ್ದೂ ಅಚ್ಚರಿಯೇ. ನೂರರಲ್ಲಿ ಸುಮಾರು 65 ಪಾಲು ಸಿಬ್ಬಂದಿ ಮತ್ತು ರೋಗಿಗಳ ಓಡಾಟದಿಂದ ಬರುತ್ತಿತ್ತು. ಹಾಳಾಗದ ಹಲ್ಲಿನಷ್ಟು ಪರಿಸರಸ್ನೇಹಿ ಹಲ್ಲು ಇನ್ನೊಂದಿಲ್ಲ.

ಹಲ್ಲು ಹಾಳಾಗುವುದು ಸಕ್ಕರೆಯಿಂದ ಎಂಬುದು ಈಗ ಮಕ್ಕಳಿಗೂ ಗೊತ್ತು. ಅದು ಪ್ರಯೋಗದಿಂದ ದೃಢಪಟ್ಟ ಬಗೆ ಮಾತ್ರ ಮಕ್ಕಳಿಗೆ ಹೇಳುವಂಥದಲ್ಲ. ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಮ್ ಆಸ್ಪತ್ರೆ ಬುದ್ಧಿ ಬೆಳೆಯದವರೆಂದು ಸಮಾಜ ದೂರವಿಟ್ಟವರ ನೆಲೆಯಾಗಿತ್ತು. 1945ರಿಂದ ಅಲ್ಲಿ ನಡೆದ ಸರ್ಕಾರಿ ಪ್ರಯೋಗ ಮೊದಲು ಜೀವಸತ್ವಗಳದ್ದಾಗಿತ್ತು. 1947ರಲ್ಲಿ ಸಕ್ಕರೆಗೆ ತಿರುಗಿತು. ಹಲ್ಲಿಗೆ ಅಂಟಿಕೊಳ್ಳುವಂತೆಯೇ ಮಾಡಿಸಿದ ಟಾಫಿಗಳನ್ನು, ಕೆಲವರಿಗೆ ದಿನಕ್ಕೆ 24ರಂತೆ, ಊಟಗಳ ನಡುವೆ ತಿನ್ನಿಸಿದರು. ಒಪ್ಪಿಗೆ ಕೇಳಲಿಲ್ಲ. ಹಣ ಕೊಟ್ಟವರಲ್ಲಿ ಸಿಹಿತಿಂಡಿ ಉದ್ಯಮದವರೂ ಇದ್ದರು. ಹಲವರ ಹಲ್ಲುಗಳು ಸರಿಪಡಿಸಲಾಗದಷ್ಟು ಹಾಳಾದವು. 1954ರಲ್ಲಿ ಪ್ರಕಟವಾದ ಫಲಿತಾಂಶ ಖಚಿತವಾಗಿತ್ತು: ಊಟದ ಜೊತೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ಪದೇ ಪದೇ ತಿಂದ ಅಂಟು ಸಿಹಿ ಹೆಚ್ಚು ಹುಳುಕು ತರುತ್ತದೆ. ಸ್ವೀಡನ್ನಿನ ಮಕ್ಕಳು ಶನಿವಾರ ಮಾತ್ರ ಮಿಠಾಯಿ ತಿನ್ನುವ ರೂಢಿ ಬೆಳೆದದ್ದು ಈ ತಿಳಿವಿನಿಂದ.

ಜಗತ್ತಿನ ಯಾವ ದಂತವೈದ್ಯರೇ ಆಗಲಿ, ಊಟದ ನಡುವೆ ಸಿಹಿ ಬೇಡ ಎಂದಾಗ ವಿಪೆಹೋಮ್‌ನ ಆ ಹಲ್ಲುಗಳ ಮೇಲೆ ನಿಂತೇ ಮಾತಾಡುತ್ತಾರೆ. ಅನ್ಯಾಯದಿಂದ ಸಿಕ್ಕ ಜ್ಞಾನವನ್ನು ಬಳಸಬಹುದೆ? ಬಳಸದೆ ಬಿಟ್ಟರೆ ಹಾಳಾದ ಹಲ್ಲುಗಳೇನು ಮರಳುವುದಿಲ್ಲ, ಇನ್ನಷ್ಟು ಹಲ್ಲು ಹಾಳಾಗುತ್ತವೆ. ಬಳಸಲೇಬೇಕು, ಆದರೆ ಅದರ ಹುಟ್ಟನ್ನು ಮರೆಸಿ ಬಳಸಬಾರದು. ಇಲ್ಲಿಯೂ ಕೊಳೆ ಹೊತ್ತವರು ಉಳಿದವರ ಕಣ್ಣಿಗೆ ಬೀಳದ ಜನ. ಶುದ್ಧಿಯ ಹಳೆಯ ವಿಧಿಗಳಲ್ಲಿ ಕಂಡ ಕುರುಡು ವಿಜ್ಞಾನದ ಮನೆಯೊಳಗೂ ಇತ್ತು; ದಂತವಿಜ್ಞಾನವನ್ನು ಹೊಗಳುವವರು ಈ ಪುಟವನ್ನು ಹಾರಿಸಿ ಓದುತ್ತಾರೆ.

ಹುಳುಕನ್ನು ಮೊದಲೇ ತಡೆಯುವ ತಿಳಿವು ಸರಿಯಾಗಿ ಬಳಕೆಯಾದ ಕಡೆ ಫಲ ಕಂಡಿದೆ. ಫಿಲಿಪ್ಪೀನ್ಸ್‌ನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ದಿನವೂ ಸಾಲಾಗಿ ನಿಂತು ಕೈ ತೊಳೆದು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವ ಕಾರ್ಯಕ್ರಮ ಬಂತು. ಸ್ಕಾಟ್ಲೆಂಡಿನ ಶಿಶುವಿಹಾರಗಳಲ್ಲಿ ದೊಡ್ಡವರ ಕಣ್ಣೆದುರು ಹಲ್ಲುಜ್ಜಿಸುವ 'ಚೈಲ್ಡ್‌ಸ್ಮೈಲ್' ಯೋಜನೆ, ಎಂಟನೆಯ ವರ್ಷದ ಹೊತ್ತಿಗೆ ಖರ್ಚಿನ ಎರಡೂವರೆ ಪಟ್ಟಿಗೂ ಹೆಚ್ಚು ಚಿಕಿತ್ಸಾವೆಚ್ಚವನ್ನು ಉಳಿಸಿತೆಂದು 2015ರ ಅಧ್ಯಯನ ಲೆಕ್ಕ ಕೊಟ್ಟಿತು. ಬ್ರಿಟನ್ 2018ರಲ್ಲಿ ಸಿಹಿ ಪಾನೀಯಗಳ ಮೇಲೆ ಕರ ಹಾಕಿದ ಮೇಲೆ, ಹಲ್ಲು ಕೀಳಿಸಲು ಆಸ್ಪತ್ರೆ ಸೇರುವ ಮಕ್ಕಳ ಪ್ರಮಾಣ ನೂರಕ್ಕೆ ಸುಮಾರು 12ರಷ್ಟು ಇಳಿಯಿತೆಂದು ಕೇಂಬ್ರಿಡ್ಜ್‌ನ ಸಂಶೋಧಕರು ಕಂಡುಕೊಂಡರು. ಕೊರೆತವಿಲ್ಲ, ಪಾದರಸವಿಲ್ಲ, ರಾಳವಿಲ್ಲ, ಕಾರಿನ ಹೊಗೆಯೂ ಇಲ್ಲ.

ಕರ್ನಾಟಕ ದಂತವೈದ್ಯ ಕಾಲೇಜುಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯ ರಾಜ್ಯ. ಮಂಡ್ಯ, ಬೆಳಗಾವಿಗಳಲ್ಲಿ ನೀರು ಕುಡಿದು ಬೆಳೆಯುವ ಕಬ್ಬಿನ ರಾಜ್ಯವೂ ಹೌದು. ಇಲ್ಲಿನ 'ದಂತ ಭಾಗ್ಯ' ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುತ್ತದೆ. ಹಲ್ಲಿಲ್ಲದ ಅಜ್ಜನಿಗೆ ಮತ್ತೆ ರೊಟ್ಟಿ ಕಡಿಯಲು ಆಗುವುದು ಸಣ್ಣ ಮಾತಲ್ಲ, ಯೋಜನೆಯನ್ನು ಹಳಿಯುವ ಕಾರಣವಿಲ್ಲ. ಆದರೆ ಹಲ್ಲು ಪೂರ್ತಿ ಹೋದ ಮೇಲೆ ಬರುವ ಭಾಗ್ಯ ಅದು. ಅಂಗನವಾಡಿಯಲ್ಲಿ ಮೊಟ್ಟೆ, ಹಾಲು ಕೊಡುವ ಹೊತ್ತಿನಲ್ಲೇ ಹಲ್ಲುಜ್ಜಿಸುವ ಐದು ನಿಮಿಷವೂ ಸೇರಿದರೆ ಬೇಕಾಗುವುದು ಒಂದು ಬ್ರಶ್ಶು, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅದಕ್ಕಿಂತ ದೊಡ್ಡವರಿಗೆ ಬಟಾಣಿಯಷ್ಟು ಪೇಸ್ಟು. ಕೋಲಾರ, ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಮಿತಿಮೀರಿ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಅಲ್ಲಿ ಮೊದಲು ಆಗಬೇಕಾದದ್ದು ಶುದ್ಧ ನೀರಿನ ಕೆಲಸ. ಊರೂರಿಗೂ ಒಂದೇ ಮಂತ್ರ ಹೇಳುವ ಹಾಗಿಲ್ಲ.

ಹಳೆಯ ಬೆಳ್ಳಿ ಫಿಲ್ಲಿಂಗ್ ಇರುವವರು ಇದನ್ನೆಲ್ಲ ಓದಿ ನಾಳೆಯೇ ಕೀಳಿಸಲು ಓಡಬೇಕಾಗಿಲ್ಲ. ಗಟ್ಟಿಯಾಗಿರುವ ಫಿಲ್ಲಿಂಗನ್ನು ಸುಮ್ಮನೆ ಬಿಡುವುದೇ ಲೇಸು ಎನ್ನುತ್ತದೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2020ರ ಸಲಹೆ. ಕೊರೆದು ತೆಗೆಯುವಾಗ ಪಾದರಸದ ಆವಿ ಹೆಚ್ಚು ಏಳುತ್ತದೆ, ಒಳ್ಳೆಯ ಹಲ್ಲೂ ಸವೆಯುತ್ತದೆ. ಹೊಸದಾಗಿ ಹಾಕಿಸುವವರು ಕುರ್ಚಿಯಲ್ಲಿ ಕೂರುವ ಮೊದಲು ವೈದ್ಯರಲ್ಲಿ ಎರಡು ಮಾತು ಕೇಳಬಹುದು: ಹಲ್ಲಿಗೆ ಏನು ತುಂಬುತ್ತೀರಿ, ಆ ಬೇಸಿನ್ನಿನ ನೀರು ಎಲ್ಲಿಗೆ ಹೋಗುತ್ತದೆ?